ಬೆಡ್‌ಶೀಟಿನ ಮೇಲೆ ಕಾರು

ನಮ್ಮ ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಅವರ ಶಿಷ್ಯರು. ಉಳಿದರ್ಧ ಜನ ಅವರ ಹತ್ತಿರ ಕಲಿಯಬೇಕಿತ್ತು ಎನ್ನುವುದು ಅವರು ಓಡಿಸುವುದನ್ನು ನೋಡಿದರೇ ಗೊತ್ತಾಗುತ್ತದೆ. ಇಷ್ಟು ಜನರನ್ನು ರಸ್ತೆಗೆ ಬಿಟ್ಟ ಮನುಷ್ಯ ಮಾತ್ರ ತಮ್ಮ ಆಯುಷ್ಯದ ಬಹುಪಾಲನ್ನು ಪಕ್ಕದ ಸೀಟಿನಲ್ಲಿ ಕಳೆದಿದ್ದಾರೆ. ಆ ಸೀಟಿನ ಮುಂದೆ, ಕಾಲಿಗೆ ಸಿಗುವ ಹಾಗೆ, ಎರಡನೆಯ ಬ್ರೇಕು ಇರುತ್ತದೆ. ಕಲಿಯುವವರು ಲಾರಿಯ ಕಡೆ ನುಗ್ಗಿದರೆ ಭಾವ ಕೂಗುವುದಿಲ್ಲ, ಹೌಹಾರುವುದಿಲ್ಲ. ಸದ್ದಿಲ್ಲದೆ ತಮ್ಮ ಬ್ರೇಕನ್ನು ಒತ್ತಿ, "ಪರವಾಗಿಲ್ಲ, ಚೆನ್ನಾಗಿ ನಿಲ್ಲಿಸಿದ್ರಿ" ಎನ್ನುತ್ತಾರೆ. ಕಾರು ನಿಲ್ಲಿಸಿದ್ದು ತಾವೇ ಎಂದು ನಂಬಿಕೊಂಡು ಮನೆಗೆ ಹೋದವರು ಎಷ್ಟೋ ಮಂದಿ.

ನಮ್ಮಕ್ಕನದು ಗುಂಡಿ ಅಂಗಡಿ. ಗುಂಡಿ, ಜಿಪ್ಪು, ಲೇಸು, ಕೊಕ್ಕೆ, ದಾರ. ಗೋಡೆಯ ತುಂಬ ಸಣ್ಣ ಸಣ್ಣ ರಟ್ಟಿನ ಡಬ್ಬಿಗಳು. ಪ್ರತಿ ಡಬ್ಬಿಯ ಮುಖದ ಮೇಲೆ ಒಳಗಿರುವ ಗುಂಡಿಯದೇ ಒಂದು ನಮೂನೆ ಹೊಲಿದಿರುತ್ತದೆ. ಅಕ್ಕನ ಕೈಗೆ ಏನು ಸಿಕ್ಕರೂ ಅದು ಅಳತೆ ಪ್ರಕಾರ ಸಾಲಾಗಿ ನಿಲ್ಲಬೇಕು. ಚಿಕ್ಕವಳಿದ್ದಾಗ ನೆಂಟರ ಮಕ್ಕಳನ್ನೂ ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದಳು, ನಾನು ಯಾವಾಗಲೂ ಕೊನೆಗೆ. ಅಂಗಡಿಯ ಮೇಲೆ ಅವರ ಮನೆ, ಪಕ್ಕದಲ್ಲೇ ನನ್ನ ಪೇಂಟಿನ ಅಂಗಡಿ, ಅದರ ಮೇಲೆ ನಮ್ಮ ಮನೆ. ನಡುವಿನ ಗೋಡೆ ತೆಳು. ಅವರ ಸಂಸಾರದ ಸಮಾಚಾರ ಕೇಳಿಸಿಕೊಳ್ಳಬೇಕೆಂದು ನನಗೇನೂ ಆಸೆಯಿಲ್ಲ, ಕೇಳಿಸುತ್ತದೆ.

ಕ್ಲಿನಿಕ್ ಮುಚ್ಚಿ ಮನೆಯಲ್ಲಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬರು ಇಳಿವಯಸ್ಸಿನಲ್ಲಿ ಕಾರು ಕಲಿಯಲು ಭಾವನ ಹತ್ತಿರ ಬಂದರು. ಹಲವು ಸಲ ಡುಮ್ಕಿ ಹೊಡೆದು ಕೊನೆಗೂ ಪಾಸಾದರು. ಆ ಸಂತೋಷಕ್ಕೆ ಭಾವನನ್ನು ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಕುಸಿದ ತಗಡಿನ ಚಪ್ಪರದ ಕೆಳಗೆ ಬಿದ್ದಿದ್ದ ಒಂದು ಕಾರನ್ನು ತೋರಿಸಿ, "ನಮ್ಮಣ್ಣ ಹೋದಾಗಿನಿಂದ ಹೀಗೇ ಇದೆ. ನೀವು ತಗೊಂಡು ಹೋಗಿ, ಜಾಗ ಖಾಲಿಯಾಗಲಿ" ಎಂದರು.

ಅದು ಎರಡೇ ಸೀಟಿನ, ಮಂಡಿಯೆತ್ತರದ, ತಲೆಯಿಲ್ಲದ ಸ್ಪೋರ್ಟ್ಸ್ ಕಾರು. ತಲೆ ಎಂದರೆ ಬಟ್ಟೆಯ ಹೊದಿಕೆ, ಅದನ್ನು ಇಲಿಗಳು ತಿಂದಿದ್ದವು. ವೈರುಗಳನ್ನೂ ತಿಂದಿದ್ದವು. ಡ್ರೈವರ್ ಸೀಟಿನಲ್ಲಿ ಬೆಕ್ಕೊಂದು ಮರಿ ಹಾಕಿ, ದೊಡ್ಡದು ಮಾಡಿ, ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ಒಳಗೆ ಕೂತರೆ ಕಾಲು ನೇರವಾಗಿ ಭೂಮಿಗೆ ತಾಗುತ್ತಿತ್ತು, ಏಕೆಂದರೆ ನಡುವೆ ಇರಬೇಕಾದ ತಗಡು ತುಕ್ಕು ಹಿಡಿದು ಉದುರಿಹೋಗಿತ್ತು. ನನ್ನನ್ನು ಕೇಳಿದ್ದರೆ ಗುಜರಿಯವನು ಕೂಡ ಮೂಗು ಮುರಿಯುತ್ತಾನೆ ಎಂದು ಹೇಳುತ್ತಿದ್ದೆ. ಭಾವ ನನ್ನನ್ನು ಕೇಳಲಿಲ್ಲ. ಅಕ್ಕನನ್ನೂ ಕೇಳಲಿಲ್ಲ. ಶಿಷ್ಯರನ್ನು ಕರೆದು ಕಾರನ್ನು ತಳ್ಳಿಸಿಕೊಂಡು ಬಂದು, ಅಂಗಡಿಯ ಹಿಂದಿನ ಗೋಡೌನಿಗೆ ನೂಕಿ, ಅಲ್ಲಿದ್ದ ಲೇಸಿನ ಪೆಟ್ಟಿಗೆಗಳನ್ನೆಲ್ಲ ಮೇಲೆ ಮಲಗುವ ಕೋಣೆಗೆ ಸಾಗಿಸಿದರು.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ಇದೇನು?"

"ಕಾರು."

"ಯಾರದು?"

"ನಮ್ದೇ."

"ಕೂರೋದೆಲ್ಲಿ?"

"ಮೊದ್ಲು ಸೀಟು ಮಾಡಿಸಬೇಕು. ಹೌದು ಕಣೆ, ನಿನ್ನ ಕೇಳಬೇಕಿತ್ತು. ತಪ್ಪಾಯ್ತು" ಎಂದು ಭಾವ ಸ್ಪ್ಯಾನರ್ ಹುಡುಕುತ್ತಾ ಹೋದರು.

ಅವತ್ತಿನಿಂದ ಅಕ್ಕ ಭಾವನ ಜೊತೆ ಮಾತು ಬಿಟ್ಟಳು. "ನಿಮ್ ಭಾವಂಗೆ ಹೇಳು, ಊಟ ಆರ್ತಾ ಇದೆ" ಎಂದು ನನ್ನ ಅಂಗಡಿಯ ಗೋಡೆಗೆ ಕೂಗುತ್ತಿದ್ದಳು. ಗಿರಾಕಿಗಳ ಮುಂದೆ ನನಗೇನು ಮರ್ಯಾದೆ? ಒಂದು ದಿನ ತಡೆಯಲಾರದೆ ಹೋಗಿ, "ಅಕ್ಕಾ, ಒಂದು ಹಾಳು ಗಾಡಿಗೆ ಇಷ್ಟೊಂದಾ?" ಎಂದೆ.

"ಗಾಡಿ ಹಾಳಾಗ್ಲಿ" ಎಂದಳು ಅಕ್ಕ. "'ನಂಗೆ ಬೇಕಿತ್ತು, ತಂದೆ, ಏನೀಗ' ಅನ್ನಬಹುದಿತ್ತಲ್ವಾ? ಒಂದು ಜಗಳ ಆಡಿದ್ರೆ ಮುಗಿದು ಹೋಗ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಮ್ಮನೇಲಿ ಉಂಡು ಮಲಗೋದು ಮಾತ್ರ ಇದೆ. ಮದುವೆಯಾದಾಗಿನಿಂದ ಒಂದು ದಿನ ನನಗೆ ಎದುರು ಮಾತಾಡಿದಾರಾ, ಕೇಳು. ಗೋಡೆಗೆ ಬೈದ ಹಾಗಾಗುತ್ತೆ ಕಣೋ. ಸಾಕಾಗಿದೆ ನನಗೆ."

ನನ್ನ ಹೆಂಡತಿ ಇದನ್ನು ಕೇಳಿ, ಬೇಕಾದರೆ ಗಂಡಂದಿರನ್ನು ಅದಲು ಬದಲು ಮಾಡಿಕೊಳ್ಳೋಣ ಎಂದಳು.

ಇತ್ತ ಭಾವನಿಗೆ ಓಡಿಸುವುದು ಗೊತ್ತೇ ಹೊರತು ರಿಪೇರಿ ಗೊತ್ತಿರಲಿಲ್ಲ. ಗ್ಯಾರೇಜಿನ ಮೆಕ್ಯಾನಿಕ್‌ನನ್ನು ಕೇಳಿದರು. ಅವನು, "ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ ಮೇಷ್ಟ್ರೇ. ಯಾವುದು ಎಲ್ಲಿಂದ ಬಂತು ಅನ್ನೋದನ್ನ ಮಾತ್ರ ಮರೀಬೇಡಿ. ಹಳೇ ಗಾಡಿ, ಒಂದೇ ಥರ ಕಾಣೋ ಎರಡು ಬೋಲ್ಟು ಒಂದೇ ಆಗಿರಲ್ಲ" ಎಂದ. ಫೋಟೋ ತೆಗೆದಿಡಿ ಎಂದು ನಾನು ಹೇಳಿದೆ. ತೆಗೆದರು. ಎಲ್ಲದರಲ್ಲೂ ಅವರ ಹೆಬ್ಬೆರಳು ಚೆನ್ನಾಗಿ ಬಂದಿತ್ತು.

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಹಳೆಯ ಬೆಡ್‌ಶೀಟುಗಳನ್ನು ಗೋಡೌನಿನ ನೆಲದ ಮೇಲೆ ಹಾಸಿ, ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಾರಿನ ಆಕಾರವನ್ನು ನಿಜವಾದ ಅಳತೆಯಲ್ಲೇ ಬರೆದರು. ಬಲಬಾಗಿಲಿನಿಂದ ಬಿಚ್ಚಿದ ಬೋಲ್ಟು ಬೆಡ್‌ಶೀಟಿನ ಬಲಬಾಗಿಲಿನ ಮೇಲೆ, ದೀಪದ ಸ್ಕ್ರೂ ದೀಪದ ಜಾಗದಲ್ಲಿ. ಬಾಗಿಲಿನ ಕೀಲುಗಳ ಹಿಂದೆ ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆಗಳಿದ್ದವು. ಬಾಗಿಲು ಸರಿಯಾಗಿ ಕೂರಲೆಂದು ಕಾರು ಕಟ್ಟಿದವರು ಒಂದು ಕಡೆ ಎರಡು, ಇನ್ನೊಂದು ಕಡೆ ಐದು ಎಂದು ತಮಗೆ ಬೇಕಾದ ಹಾಗೆ ಸೇರಿಸಿದ್ದರು. ಭಾವ ಅವನ್ನೂ ಇದ್ದ ಹಾಗೆಯೇ ಇಟ್ಟರು. ದಿನಾ ಸಂಜೆ ಕೊನೆಯ ಪಾಠ ಮುಗಿಸಿ ಬಂದು, ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಮರುದಿನ ಅದನ್ನು ಬಿಚ್ಚಿ, ಚಪ್ಪಲಿ ಕಳಚಿ ತುದಿಗಾಲಲ್ಲಿ ನಡೆದು ಅದರ ಜಾಗದಲ್ಲಿಡುತ್ತಿದ್ದರು. ಒಂದು ಋತು ಪೂರ್ತಿ ಹೀಗೇ ಕಳೆಯಿತು. ಕಾರು ಮೂಲೆಯಲ್ಲಿ ಕರಗುತ್ತಾ ಬಂತು, ಬೆಡ್‌ಶೀಟಿನ ಮೇಲೆ ತುಂಬುತ್ತಾ ಬಂತು. ನಾನು ಸುಲಭಕ್ಕೆ ಮೆಚ್ಚುವವನಲ್ಲ. ಆದರೂ ಅದನ್ನು ನೋಡಿದಾಗೆಲ್ಲ ನನಗೆ ಖುಷಿಯಾಗುತ್ತಿತ್ತು.

ಒಂದು ದಿನ ಭಾವ ಶಿಷ್ಯರನ್ನು ಲೈಸೆನ್ಸ್ ಪರೀಕ್ಷೆಗೆ ಕರೆದುಕೊಂಡು ಬೇರೆ ಊರಿಗೆ ಹೋಗಿದ್ದರು. ಸಂಜೆ ಅಕ್ಕ ನನ್ನನ್ನು ಕರೆದಳು. ಗೋಡೆಗೆ ಕೂಗಿ ಅಲ್ಲ, ಖುದ್ದಾಗಿ ಬಂದು.

"ಬಾರೋ, ಒಂದು ತೋರಿಸ್ತೀನಿ. ನಾನೇ ಸೋಲೋಣ ಅಂತ ತೀರ್ಮಾನ ಮಾಡಿದೆ. ಎಷ್ಟು ದಿನ ಅಂತ ಹೀಗಿರೋದು? ಅಷ್ಟು ಕಷ್ಟಪಡ್ತಿದಾರೆ ಪಾಪ, ಸಾಮಾನೆಲ್ಲ ನೆಲದ ಮೇಲೆ ಚೆಲ್ಲಾಡಿತ್ತು."

ಗೋಡೌನಿನ ಬಾಗಿಲು ತೆಗೆದಳು. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೋಡೆಗೆ ಜೋಡಿಸಿದ ಹಲಗೆಗಳ ಮೇಲೆ ಗುಂಡಿಯ ಡಬ್ಬಿಗಳು ಸಾಲಾಗಿ ಕೂತಿದ್ದವು. ಪ್ರತಿ ಡಬ್ಬಿಯ ಮುಖದ ಮೇಲೆ ಒಂದೊಂದು ಬೋಲ್ಟನ್ನು ಕಪ್ಪು ದಾರದಿಂದ ಹೊಲಿದಿದ್ದಳು. ಚಿಕ್ಕದರಿಂದ ದೊಡ್ಡದಕ್ಕೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ್ದಳು. ಕೀಲಿನ ಬಿಲ್ಲೆಗಳಿಗೆ ಬೇರೆಯೇ ಒಂದು ಡಬ್ಬಿ, ಅದರ ಮೇಲೊಂದು ಬಿಲ್ಲೆ.

"ಬೆಡ್‌ಶೀಟು?" ಎಂದೆ.

"ಒಗೆದೆ. ಎಣ್ಣೆ ಕಲೆ ಹೋಗೋಕೆ ಎರಡು ಸಲ ನೆನೆಸಿದೆ ಗೊತ್ತಾ? ಇಸ್ತ್ರಿನೂ ಆಯ್ತು."

ಮಡಿಸಿಟ್ಟ ಬೆಡ್‌ಶೀಟುಗಳು ಸ್ಟೂಲಿನ ಮೇಲಿದ್ದವು. ಬೆಳ್ಳಗಿದ್ದವು. ಎಷ್ಟೋ ದಿನಗಳ ಮೇಲೆ ಅಕ್ಕನ ಮುಖ ಅರಳಿತ್ತು, ಆ ಮುಖಕ್ಕೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಭಾವ ಬಂದರು.

ಬಾಗಿಲಲ್ಲೇ ನಿಂತರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬಲಗಾಲು ಮಾತ್ರ ನೆಲವನ್ನು ಜೋರಾಗಿ ಒತ್ತಿತು.

"ತುಂಬಾ ಅಚ್ಚುಕಟ್ಟಾಗಿದೆ ಕಣೆ" ಎಂದರು. "ಚೆನ್ನಾಗಿ ಮಾಡಿದೀಯ."

ಆ ರಾತ್ರಿ ಅವರ ಮನೆಯಲ್ಲಿ ಮಾತು ಶುರುವಾಯಿತು. ಇಷ್ಟು ದಿನ ಹೇಳದೆ ಉಳಿದ ಸುದ್ದಿಯನ್ನೆಲ್ಲ ಅಕ್ಕ ಬಡ್ಡಿ ಸಮೇತ ಹೇಳಿದಳು, ಭಾವ ಹೂಂಗುಟ್ಟಿದರು. ಗೋಡೆ ತೆಳು ಎಂದು ಮೊದಲೇ ಹೇಳಿದ್ದೇನೆ.

ಆಮೇಲಿನ ದಿನಗಳು ನೋಡಲು ಕಷ್ಟವಾಗಿದ್ದವು. ಭಾವ ಡಬ್ಬಿಯಿಂದ ಒಂದು ಬೋಲ್ಟು ತೆಗೆಯುವರು, ಒಂದು ತೂತಿಗೆ ಹಾಕಿ ತಿರುಗಿಸುವರು, ಅದು ಅರ್ಧಕ್ಕೆ ಸಿಕ್ಕಿಕೊಳ್ಳುವುದು, ತೆಗೆದು ಡಬ್ಬಿಗೆ ಹಾಕಿ ಇನ್ನೊಂದನ್ನು ತೆಗೆಯುವರು. ಅಕ್ಕ ಪಕ್ಕದಲ್ಲಿ ಕೂತು, "ಮುಂದಿನ ಅಳತೆ ಕೊಡ್ಲಾ?" ಎಂದು ಸಂಭ್ರಮದಿಂದ ಕೇಳುವಳು. ಕೂರಿಸಿದ ಬಾಗಿಲು ಕುಡಿದವನ ಹಾಗೆ ಒಂದು ಕಡೆ ವಾಲುವುದು.

"ಹೇಳಿಬಿಡಿ ಭಾವ" ಎಂದೆ, ಅಕ್ಕ ಇಲ್ಲದಾಗ. "ಹೀಗೆ ಮಾಡ್ತಾ ಕೂತ್ರೆ ನಿಮ್ಮ ಆಯುಷ್ಯ ಸಾಲಲ್ಲ."

"ಈಗ ತಾನೇ ಮಾತಾಡ್ತಾ ಇದಾಳೆ" ಎಂದರು ಭಾವ. "ಬೋಲ್ಟು ಇವತ್ತಲ್ಲ ನಾಳೆ ಸಿಗುತ್ತೆ. ಅವಳು ಮತ್ತೆ ಮಾತು ಬಿಟ್ರೆ?"

ನನಗೆ ರೇಗಿಹೋಯಿತು. ಆದರೂ ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅವರಿಗೆ ಕಾರೂ ಬೇಕಿತ್ತು, ಅಕ್ಕನ ಮಾತೂ ಬೇಕಿತ್ತು. ಎರಡರಲ್ಲಿ ಒಂದನ್ನು ಆರಿಸಿಕೊಂಡಿದ್ದರು.

ಕಚ್ಚಿಕೊಂಡಿದ್ದ ಎಂಜಿನ್ ಬಿಡಿಸಲು ಒಂದು ಭಾನುವಾರ ಮೆಕ್ಯಾನಿಕ್ ಬಂದ. ಡಬ್ಬಿಗಳ ಸಾಲು ನೋಡಿ ಮೊದಲು ನಕ್ಕ, ಆಮೇಲೆ ಬಿಲ್ಲೆಗಳ ಡಬ್ಬಿ ತೆಗೆದು ನೋಡಿ ನಗು ನಿಲ್ಲಿಸಿದ.

"ಇದ್ಯಾರು ಮೇಷ್ಟ್ರೇ ಮಾಡಿದ್ದು? ಎಲ್ಲಾ ಕಲಸಿಬಿಟ್ಟಿದಾರಲ್ಲ! ನಾನು ಅಷ್ಟು ಹೇಳಿದ್ದೆ. ಇನ್ನು ಆ ಬಾಗಿಲು ಸರಿಯಾಗಿ ಕೂರೋದು ಮುಂದಿನ ಜನ್ಮಕ್ಕೆ. ನಿಮಗೆ ಆಗದವರು ಯಾರಾದ್ರೂ ಇದಾರಾ?"

ಅಕ್ಕ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಭಾವ ಅವಳನ್ನು ನೋಡಿದರು.

"ನಾನೇ ಮಾಡಿದ್ದು" ಎಂದರು. "ನೋಡೋಕೆ ಚೆನ್ನಾಗಿರುತ್ತೆ ಅಂತ."

ಅಕ್ಕ ತಟ್ಟೆಯನ್ನು ಕೆಳಗಿಟ್ಟಳು.

"ನೀವಾ? ಬೋಲ್ಟಿಗೆ ದಾರ ಕಟ್ಟಿ ಹೊಲಿದಿದ್ದು ನೀವಾ?"

"ಹೋಗ್ಲಿ ಬಿಡು. ಪರವಾಗಿಲ್ಲ—"

"ಪರವಾಗಿಲ್ಲ ಅನ್ನಬೇಡಿ!" ಅಕ್ಕ ಕೂಗಿದಳು. "ಅಂದ್ರೆ ಅವತ್ತೇ ಗೊತ್ತಿತ್ತು ನಿಮಗೆ. ಗೊತ್ತಿದ್ದೂ ಚೆನ್ನಾಗಿ ಮಾಡಿದೀಯ ಅಂದ್ರಿ. ನಾನು ಪೆದ್ದಿ ಥರ ಪಕ್ಕದಲ್ಲಿ ಕೂತು ಮುಂದಿನ ಅಳತೆ ಕೊಡ್ಲಾ ಅಂತಿದ್ದೆ. ನಾನೇನು ನಿಮ್ಮ ಹತ್ರ ಕಾರು ಕಲಿಯೋಕೆ ಬಂದವಳಾ? ಮದುವೆಯಾದಾಗಿನಿಂದ ನಾನು ಎಲ್ಲಿ ಹೋಗಿ ಗುದ್ದಿದ್ರೂ ನೀವು ಕೆಳಗಿಂದ ಬ್ರೇಕು ಒತ್ತಿ, ಚೆನ್ನಾಗಿ ನಿಲ್ಲಿಸಿದೆ ಅಂತೀರಿ. ಇಷ್ಟು ತಿಂಗಳ ನಿಮ್ಮ ಕೆಲಸ ನಾನು ಒಗೆದು ಒಣಗಿಸಿದೀನಿ. ಕೋಪ ಬರಲ್ವಾ? ಕೋಪ ಮಾಡ್ಕೊಳ್ಳೋಕೂ ನಾನು ಲಾಯಕ್ಕಿಲ್ವಾ ನಿಮಗೆ?"

ಭಾವನ ತುಟಿ ಎಂದಿನ ಮಾತಿಗೆ ಸಿದ್ಧವಾಯಿತು. ಆದರೆ ಮಾತು ಹೊರಡಲಿಲ್ಲ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು.

"ಬರುತ್ತೆ!" ಎಂದು ಅರಚಿದರು. ಕೂಗಿ ಅಭ್ಯಾಸವಿಲ್ಲದ ಗಂಟಲು ನಡುವೆಯೇ ಕೀರಲಾಯಿತು. "ಬಂದಿದೆ! ಅವತ್ತೇ ಬಂತು! ನನ್ನ ಒಂದು ಮಾತು ಕೇಳದೆ ಯಾಕೆ ಮುಟ್ಟಿದೆ? ಒಂದೊಂದು ಬೋಲ್ಟೂ ಕೈ ಕಿತ್ತುಹೋಗೋ ಹಾಗೆ ಬಿಚ್ಚಿದೀನಿ! ಬೆಡ್‌ಶೀಟು ಯಾಕೆ ಒಗೆದೆ? ಎರಡು ಸಲ ನೆನೆಸೋದು ಬೇರೆ! ಇಸ್ತ್ರಿ ಬೇರೆ!"

"ನೀವು ನನ್ನ ಒಂದು ಮಾತು ಕೇಳದೆ ಯಾಕೆ ತಂದ್ರಿ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ!"

"ಅಂತಿದ್ದೆ! ನೀವು ಬೇಕು ಅನ್ನಬೇಕಿತ್ತು!"

"ಬೇಕು! ನಂಗೆ ಬೇಕು! ಒಂದು ಸಲ ಆದ್ರೂ ಆ ಕಡೆ ಸೀಟಲ್ಲಿ ನಾನು ಕೂತು, ಈ ಕಡೆ ನೀನು ಕೂತು, ಹಿಂದೆ ಇನ್ಯಾರಿಗೂ ಜಾಗವೇ ಇಲ್ದೆ ಹೋಗಬೇಕು ಅಂತ ತಂದೆ! ಏನೀಗ?"

ಮೆಕ್ಯಾನಿಕ್ ತನ್ನ ಲೋಟವನ್ನು ಮಾತ್ರ ಎತ್ತಿಕೊಂಡು ಗೋಡೆಯ ಪಕ್ಕದಿಂದ ಜಾರಿಕೊಂಡ. ನಾನು ಹೋಗಲಿಲ್ಲ.

ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಿದ್ದಳು, ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು, ಮುಖ ಮಾತ್ರ ಬೆಳಗುತ್ತಿತ್ತು. ನನ್ನ ಕಡೆ ತಿರುಗಿ, "ಕೋಪ ಬಂತು ಕಣೋ ಅವರಿಗೆ ನನ್ನ ಮೇಲೆ" ಎಂದಳು. "ನೋಡಿದೆಯಾ? ನಿಜವಾಗ್ಲೂ ಬಂತು."

ಭಾವ ಏದುಸಿರು ಬಿಡುತ್ತಾ ನಿಂತಿದ್ದರು. ಜಗಳವಾಡಿದವರು ಮುಂದೇನು ಮಾಡುತ್ತಾರೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಹೆಂಡತಿಯ ಎದುರಿಗೆ ಕುಕ್ಕುರುಗಾಲಲ್ಲಿ ಕೂತು, ಒಡೆದ ಗಂಟಲಿನಲ್ಲಿ, "ತಪ್ಪಾಯ್..." ಎಂದು ಶುರು ಮಾಡಿದರು.

"ಬೇಡ" ಎಂದಳು ಅಕ್ಕ. "ಈ ಜಗಳಾನೂ ಹಾಳು ಮಾಡಬೇಡಿ."

ಭಾವ ಬಾಯಿ ಮುಚ್ಚಿದರು. ಅಕ್ಕ ಮೊದಲನೆಯ ಡಬ್ಬಿಯನ್ನು ಕೆಳಗಿಳಿಸಿ, ಅದರ ಮುಖದ ಮೇಲಿನ ದಾರವನ್ನು ಹಲ್ಲಿನಿಂದ ಕಡಿದು, ಬೋಲ್ಟನ್ನು ಅವರ ಅಂಗೈಯಲ್ಲಿಟ್ಟು, ಇದು ಎಲ್ಲಿಂದ ಬಂತು ಎಂದು ಕೇಳಿದಳು. ಗೊತ್ತಿಲ್ಲ ಎಂದರು ಭಾವ, ಇನ್ನೂ ಸ್ವಲ್ಪ ಕೋಪದಲ್ಲೇ.