ಉಚ್ಚಂಗಮ್ಮನ ಸ್ಟಂಟು

ಜಗಳೂರಿನಲ್ಲಿ ಬ್ಲೌಸ್ ಹೊಲಿಯುವ ಉಚ್ಚಂಗಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದದ್ದೇ ತಡ, ಗಿರಾಕಿಗಳ ಕಾಳಜಿ ಉಕ್ಕಿ ಹರಿಯಿತು. "ಹೆಂಗಿದೀಯಕ್ಕ?" ಎಂದು ಕಣ್ಣೊರೆಸಿಕೊಳ್ಳುತ್ತ ಬಂದವರು, ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸ್ ಇಸಿದುಕೊಂಡು ಹೋದರು. ಸತ್ತವಳ ಮನೆಯಲ್ಲಿ ರೇಷ್ಮೆ ಕುಪ್ಪಸದ ಕಣ ಸಿಕ್ಕಿಕೊಂಡರೆ ಆಮೇಲೆ ಯಾರನ್ನು ಕೇಳುವುದು? ಉಚ್ಚಂಗಮ್ಮ ಎಲ್ಲವನ್ನೂ ನೀಟಾಗಿ ಮಡಚಿ ಕೊಟ್ಟಳು.

ದಾವಣಗೆರೆಯ ಆಸ್ಪತ್ರೆಯಲ್ಲಿ ಕೀಮೋ ಅರ್ಧ ಮುಗಿದಿತ್ತು. ಒಂದು ಬೆಳಿಗ್ಗೆ ಅವಳಿಗೆ ಎದೆ ಹಿಂಡಿದಂತಾಗಿ, ಮೈಯೆಲ್ಲ ಬೆವೆತಿತು. ಪಕ್ಕದ ಬೀದಿಯಿಂದ ಓಡಿಬಂದ ಅಣ್ಣ ಧರ್ಮಪ್ಪ ರಿಟೈರಾದ ಮೇಷ್ಟ್ರು. ಮೊಬೈಲ್ ಕೊಂಡ ಮೇಲೆ ವೈದ್ಯರೂ ಹೌದು. "ಗ್ಯಾಸು. ಬಿಸಿನೀರು ಕುಡಿ" ಎಂದು ತೀರ್ಪು ಕೊಟ್ಟರು. ರಜೆಗೆ ಬಂದಿದ್ದ ಮಗಳು ಚೈತ್ರಶ್ರೀ ಅದನ್ನು ಕಿವಿಗೆ ಹಾಕಿಕೊಳ್ಳದೆ ಅಮ್ಮನನ್ನು ಕಾರಿಗೆ ಹತ್ತಿಸಿದಳು. ಮಾವನೂ ಹತ್ತಿದರು.

ಹೃದಯದ ರಕ್ತನಾಳ ಮುಚ್ಚಿದೆ, ಕೂಡಲೇ ಸ್ಟೆಂಟ್ ಹಾಕಬೇಕು ಎಂದರು ಡಾಕ್ಟರು.

"ಮೊದ್ಲೇ ಕ್ಯಾನ್ಸರ್ ಐತೆ. ಅದ್ರ ಮ್ಯಾಲೆ ಸ್ಟಂಟ್ ಹಾಕ್ಸಿ ಏನು ಉಪಯೋಗ ಸಾರ್? ಆ ಜೀವಕ್ಕೆ ಸುಮ್ನೆ ಯಾಕೆ ಹಿಂಸೆ?" ಎಂದರು ಧರ್ಮಪ್ಪ.

ಸ್ಟ್ರೆಚರ್ ಮೇಲಿಂದ ಉತ್ತರ ಬಂತು: "ಅಣ್ಣ, ಆ ಜೀವ ಇನ್ನೂ ನನ್ ಹತ್ರನೇ ಐತೆ. ನೀವು ಹಾಕ್ರಿ ಡಾಕ್ಟ್ರೇ."

ಹಾಕಿದರು. ಬದುಕಿದಳು. ಪಜೀತಿ ಶುರುವಾದದ್ದು ಆಮೇಲೆ.

ಕೆಳಗಿನ ಮಹಡಿಯ ಹೃದಯದ ಡಾಕ್ಟರು, "ರಕ್ತ ತೆಳು ಮಾಡೋ ಎರಡು ಮಾತ್ರೆನೂ ನಿಲ್ಲಿಸಬೇಡಿ, ಸ್ಟೆಂಟ್ ಮುಚ್ಚಿಹೋಗುತ್ತೆ" ಎಂದರು. ಮೇಲಿನ ಮಹಡಿಯ ಕ್ಯಾನ್ಸರ್ ಡಾಕ್ಟರು, "ಮಾತ್ರೆ ನಿಲ್ಲಿಸದೆ ಗಡ್ಡೆ ಆಪರೇಷನ್ ಮಾಡಿದ್ರೆ ರಕ್ತ ನಿಲ್ಲಲ್ಲ, ತಡ ಮಾಡಿದ್ರೆ ಗಡ್ಡೆ ಬೆಳೆಯುತ್ತೆ" ಎಂದರು. ಇಬ್ಬರು ಹೇಳಿದ್ದೂ ಸರಿ. ಇಬ್ಬರ ಮೇಜಿನ ಮೇಲೂ ಫೋನಿತ್ತು. ಆದರೂ "ಅವರನ್ನೊಮ್ಮೆ ಕೇಳಿ ಬನ್ನಿ" ಎಂದು ರೋಗಿಯನ್ನೇ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿಸಿದರು. ಕೊನೆಗೆ ಉಚ್ಚಂಗಮ್ಮ ಹೃದಯದವರ ಕುರ್ಚಿ ಬಿಟ್ಟು ಏಳಲಿಲ್ಲ.

"ನೀವೇ ಫೋನ್ ಮಾಡ್ರಿ ಸಾರ್. ಅಲ್ಲೀವರೆಗೂ ನಾನಿಲ್ಲೇ ಕುಂತಿರ್ತೀನಿ."

ದೊಡ್ಡವರಿಬ್ಬರ ಮಾತು ಕಾಫಿ ಆರುವಷ್ಟರಲ್ಲಿ ಮುಗಿಯಿತು. ಕೆಲವು ತಿಂಗಳು ಎರಡೂ ಮಾತ್ರೆ ಮತ್ತು ಗಡ್ಡೆ ಬೆಳೆಯದಂತೆ ಔಷಧಿ. ಆಮೇಲೆ ಒಂದು ಮಾತ್ರೆ ನಿಲ್ಲಿಸಿ ಆಪರೇಷನ್.

ಆ ಕೆಲವು ತಿಂಗಳು ಅವಳ ನಾಲಿಗೆಯ ಚುರುಕೂ ಮಂಕಾಯಿತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಸೂಜಿ ತಾಗಿದರೆ ಬೆರಳನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ನಿಲ್ಲದು. ಸ್ನಾನಕ್ಕೆ ಕೂತಾಗ ಗಡ್ಡೆ ಮುಟ್ಟಿ ನೋಡುವಳು. ದೊಡ್ಡದಾಗಿದೆಯೋ ಭಯಕ್ಕೆ ಹಾಗನ್ನಿಸುತ್ತದೆಯೋ ತಿಳಿಯದೆ ನೀರು ತಣ್ಣಗಾಗುವವರೆಗೂ ಅಲ್ಲೇ ಕೂತಿರುವಳು.

ಆಪರೇಷನ್ನಿನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ರಕ್ತ ಹೋಯಿತು, ರಕ್ತ ಕೊಡಬೇಕಾಯಿತು. ಎಡಸ್ತನದ ಜೊತೆಗೇ ಗಡ್ಡೆ ಹೊರಬಂತು. ಸ್ಟೆಂಟ್ ಮುಚ್ಚಲಿಲ್ಲ. "ಕ್ಯಾನ್ಸರ್ ಇದ್ದವರಿಗೆ ಸ್ಟೆಂಟ್ ಮುಚ್ಚೋ, ರಕ್ತ ಸೋರೋ ಅಪಾಯ ಉಳಿದವರಿಗಿಂತ ಜಾಸ್ತಿನೇ. ಮುಂದೂ ಹುಷಾರಾಗಿರಬೇಕು" ಎಂದು ಹೃದಯದವರು ಕೈತೊಳೆದುಕೊಂಡರು. ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಧರ್ಮಪ್ಪನವರು, "ನಾನೇ ಹಠ ಹಿಡಿದು ಸ್ಟಂಟ್ ಹಾಕ್ಸಿದ್ದು" ಎಂದು ಹೇಳಿಕೊಂಡು ತಿರುಗಿದರು.

ತಂಗಿಗೆ ಬೇರೆ ಕೆಲಸವಿತ್ತು. ಎಡಗಡೆ ಹತ್ತಿ ತುಂಬಿ ತನಗಾಗಿ ಒಂದು ಬ್ಲೌಸ್ ಹೊಲಿದುಕೊಂಡಳು. ಚೆಕಪ್ಪಿಗೆ ಹೋದಾಗ, ಅದೇ ಆಪರೇಷನ್ ಆಗಿದ್ದ ನ್ಯಾಮತಿಯ ಸುಂಕಲಮ್ಮ ಅದನ್ನು ದಿಟ್ಟಿಸಿ ನೋಡಿ, ಹತ್ತಿರ ಸರಿದು ಪಿಸುಗುಟ್ಟಿದಳು:

"ನಂಗೂ ಒಂದು ಹೊಲ್ದು ಕೊಡ್ತೀಯೇನಕ್ಕ? ನಂದು ಬಲಗಡೆ."

"ಕೈ ಎತ್ತು, ಅಳತೆ ತಗಳ್ತೀನಿ" ಎಂದಳು ಉಚ್ಚಂಗಮ್ಮ.