ಎಂಜಿನ್ ಇಲ್ಲದೆ ಬಂದವಳು

ಕಲ್ಲೂರಿನ ಬೀಳು ಹೊಲದಲ್ಲಿ ಅವ್ವನೂ ನಾನೂ ಕುರಿ ಮೇಯಿಸುತ್ತಿದ್ದಾಗ ಬಿಳಿ ವಿಮಾನವೊಂದು ಸದ್ದಿಲ್ಲದೆ ನಮ್ಮತ್ತಲೇ ಇಳಿಯತೊಡಗಿತು. ಅದು ಎಂಬತ್ತರ ದಶಕದ ಆರಂಭ. ಅವ್ವ ಕಂಬಳಿ ಬೀಸಿ, ಬೈಯುತ್ತ ಕುರಿಗಳನ್ನೆಲ್ಲ ಬದಿಗೆ ಅಟ್ಟಿದಳು. ವಿಮಾನ ನೆಲಕ್ಕೆ ಹೊಟ್ಟೆ ಉಜ್ಜುತ್ತ ಬಂದು ಹತ್ತು ಮಾರು ದೂರದಲ್ಲಿ ನಿಂತಿತು. ಗಾಜಿನ ಮುಚ್ಚಳ ತೆರೆದು ಹೊರಬಂದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಹವ್ಯಾಸಕ್ಕೆಂದು ಹೈದರಾಬಾದಿನಿಂದ ಹಾರಿ ಬಂದಿದ್ದಳಂತೆ. ಇದು ಗ್ಲೈಡರ್, ಇದಕ್ಕೆ ಎಂಜಿನ್ ಇರುವುದಿಲ್ಲ, ಗಾಳಿಯ ಮೇಲೆಯೇ ತೇಲುತ್ತದೆ ಎಂದು ತೆಲುಗು ಬೆರೆಸಿದ ಕನ್ನಡದಲ್ಲಿ ವಿವರಿಸಿದಳು.

“ಗಾಳಿ ಕೈ ಕೊಟ್ರ ಏನ್ ಮಾಡ್ತೀಯವ್ವಾ?” ಎಂದು ಅವ್ವ ಕೇಳಿದಳು.

“ಹಿಂಗೇ ಇಳಿಯೋದು, ಅಮ್ಮಾ.”

ಅವ್ವ ಅವಳಿಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟು, ತಿನ್ನುವುದನ್ನೇ ನೋಡುತ್ತ ಕುಳಿತಳು. ನಾನು ಹತ್ತನೇ ತರಗತಿ ಪಾಸಾಗಿದ್ದೆ. ಹೆಣ್ಣುಮಗಳು ಒಬ್ಬಳೇ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ಎರಡು ತಿಂಗಳಿಂದ ನನ್ನನ್ನು ರಾಯಚೂರಿನ ಕಾಲೇಜಿಗೆ ಕಳಿಸಲು ಒಪ್ಪದವಳು ನನ್ನ ಅವ್ವ. ಈಗ ನನ್ನತ್ತ ತಿರುಗಿ, “ರಾಯಚೂರು ಬಸ್ಸಿಗೆ ಎಂಜಿನ್ ಅದ. ಸೋಮವಾರ ಹೋಗು,” ಎಂದಳು.

ನಾನು ಕಾಲೇಜು ಮುಗಿಸಿ ಮಾನ್ವಿಯಲ್ಲಿ ಶಿಕ್ಷಕಿಯಾದೆ. ಆ ಹುಡುಗಿಯ ಹೆಸರನ್ನು ಮಾತ್ರ ನಾವಿಬ್ಬರೂ ಕೇಳಿರಲೇ ಇಲ್ಲ.