ಪೊರಕೆಗೆ ತಾಕಿದ ಹಿಮ್ಮಡಿ

ಕೆಂಟಕಿಯ ಟಾಲಿವರ್ ಧಣಿಯ ಅಡುಗೆಮನೆಯಲ್ಲಿ ಗುಲಾಮಳಾಗಿ ಬೇಯುತ್ತಿದ್ದ ಕ್ಲಾರಿಂಡಾಳಿಗೆ ಇಬ್ಬರನ್ನು ಕಂಡರೆ ಆಗುತ್ತಿರಲಿಲ್ಲ. ಒಬ್ಬ, ಅವಳು ಬಿಟ್ಟ ಗಂಡ ಎಬೆನ್. ಇನ್ನೊಬ್ಬ, ಅಧ್ಯಕ್ಷ ಲಿಂಕನ್.

ಅಧ್ಯಕ್ಷನ ಮೇಲಿನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅಂತರ್ಯುದ್ಧದ ನಡುವೆ ಅವನು ಗುಲಾಮರಿಗೆ ಬಿಡುಗಡೆ ಘೋಷಿಸಿದ್ದೇನೋ ನಿಜ, ಆದರೆ ತನ್ನ ಮೇಲೆ ದಂಗೆಯೆದ್ದ ಸೀಮೆಗಳವರಿಗೆ ಮಾತ್ರ. ಕೆಂಟಕಿ ಅವನ ಪಕ್ಷದಲ್ಲೇ ಉಳಿದಿತ್ತು. ಇಲ್ಲಿನ ಧಣಿಗಳನ್ನು ಎದುರು ಹಾಕಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

“ಹುಟ್ಟಿದ್ದು ನಮ್ ಸೀಮೇಲೇ ಕಣ್ರೇ ಆ ಉದ್ದಪ್ಪ,” ಎಂದು ಅವಳು ಮೆಕ್ಕೆಜೋಳದ ರೊಟ್ಟಿ ತಟ್ಟುತ್ತ ಗೊಣಗುವಳು. “ಮಾತು ಕೇಳದೋರ ಗುಲಾಮ್ರಿಗೆ ಬಿಡುಗಡೆ, ಮಾತು ಕೇಳೋರ ಗುಲಾಮ್ರಿಗೆ ಮುಸುರೆ ಪಾತ್ರೆ! ನಮ್ ಧಣಿನೂ ಒಂದ್ಸಲ ದಂಗೆ ಏಳಬಾರದಿತ್ತಾ, ದರಿದ್ರದೋನು!”

ಎಬೆನ್ ಧಣಿಯ ಸೆಣಬಿನ ಹೊಲದ ಆಳು. ಒಂದು ಭಾನುವಾರ ಟಾಲಿವರ್ ಇಬ್ಬರನ್ನೂ ಕರೆದು, ನೆಲದ ಮೇಲೆ ಪೊರಕೆ ಹಾಕಿಸಿ, “ಹಾರಿ” ಎಂದ. ಹಾರಿದರು. ಅದೇ ಮದುವೆ. ಹಸುವಿಗೆ ಹೋರಿ ನೋಡುವಾಗ ಆ ಮನುಷ್ಯ ಇದಕ್ಕಿಂತ ಹೆಚ್ಚು ಯೋಚಿಸುತ್ತಿದ್ದ. ಎಬೆನ್ ಕೆಟ್ಟವನೇನಲ್ಲ, ಏನು ಕೇಳಿದರೂ “ಹೂಂ” ಅನ್ನುವವನು, ಅಷ್ಟೆ. ಆದರೂ ಧಣಿ ಗಂಟು ಹಾಕಿದ ಗಂಡನ ಪಕ್ಕ ಮಲಗಿದಾಗಲೆಲ್ಲ ಕ್ಲಾರಿಂಡಾಳ ಮೈ ಉರಿಯುತ್ತಿತ್ತು.

ಗುಲಾಮರ ಕೇರಿಯಲ್ಲಿ ಗಂಟು ಬಿಚ್ಚುವುದಕ್ಕೂ ಒಂದು ಪದ್ಧತಿಯಿತ್ತು. ಪೊರಕೆಗೆ ಬೆನ್ನು ಮಾಡಿ ಹಿಂದಕ್ಕೆ ಹಾರಬೇಕು. ತಾಕದಿದ್ದರೆ ಮದುವೆ ಮುರಿಯಿತು, ತಾಕಿದರೆ ಉಳಿಯಿತು. ಕ್ಲಾರಿಂಡಾ ಹಾರಿದಳು. ಕಣ್ಣಿಗೆ ಪೊರೆ ಬಂದಿದ್ದ ಪೇಷನ್ಸ್ ಅಜ್ಜಿ ಬಗ್ಗಿ ನೋಡಿ, “ತಾಕಿಲ್ಲ” ಎಂದು ತೀರ್ಪು ಕೊಟ್ಟಳು. ಎದುರಿಗೇ ನಿಂತಿದ್ದ ಎಬೆನ್ ತುಟಿ ಪಿಟಕ್ಕೆನ್ನದೆ ಕಂಬಳಿ ಎತ್ತಿಕೊಂಡು ಹೋದ. ಹಿಮ್ಮಡಿಗೆ ಏನೋ ಸವರಿದಂತಾಗಿದ್ದು ಕ್ಲಾರಿಂಡಾಳಿಗೆ ಗೊತ್ತಿತ್ತು. ಅವಳು ಹೇಳಲಿಲ್ಲ.

ಆಮೇಲೆ ಎಬೆನ್ ಓಡಿಹೋಗಿ ಅಧ್ಯಕ್ಷನ ಸೈನ್ಯ ಸೇರಿದ. ಸಮವಸ್ತ್ರ ತೊಟ್ಟ ಗುಲಾಮ ಸ್ವತಂತ್ರ. ಯುದ್ಧ ಮುಗಿಯುತ್ತ ಬಂದಾಗ ಇನ್ನೊಂದು ಕಾನೂನಿಗೆ ಉದ್ದಪ್ಪನ ಸಹಿ ಬಿತ್ತು: ಅಂಥ ಸೈನಿಕನ ಹೆಂಡತಿ ಮಕ್ಕಳೂ ಸ್ವತಂತ್ರರು. ಸುದ್ದಿ ಕಿವಿಗೆ ಬಿದ್ದದ್ದೇ ಕ್ಲಾರಿಂಡಾ ಸೌಟು ಬಿಸಾಕಿ, ಸಾಕ್ಷಿಗೆಂದು ಅಜ್ಜಿಯನ್ನು ಎಳೆದುಕೊಂಡು ಸೈನ್ಯದ ಶಿಬಿರಕ್ಕೆ ಹೊರಟಳು.

“ಈಗ ಗಂಡ ಬೇಕಾಯ್ತೇನೇ?” ಅಜ್ಜಿ ಚುಚ್ಚಿದಳು.

“ಗಂಡ ಯಾರಿಗ್ ಬೇಕು? ಹೆಂಡ್ತಿ ಅನ್ನಿಸ್ಕೋಬೇಕು, ಅಷ್ಟೆ. ನಾನು ಹಾರಿದ್ದನ್ನ ನೋಡಿದೀನಿ ಅಂತಷ್ಟೇ ಹೇಳಿ ಬಾಯಿ ಮುಚ್ಕೋ.”

ಶಿಬಿರದಲ್ಲಿ ಅಧಿಕಾರಿ ಎಬೆನನನ್ನು ಕರೆಸಿದ. ಬಾಗಿಲ ಬಳಿ ಟಾಲಿವರ್ ಧಣಿ ಚಾವಟಿ ಹಿಡಿದು ನಿಂತಿದ್ದ. ಹೆಂಡತಿಯಲ್ಲ ಎಂದಾದರೆ ಅವಳನ್ನು ಹೊಡೆದುಕೊಂಡು ಹೋಗಲು ಬೆನ್ನಟ್ಟಿ ಬಂದಿದ್ದ.

“ನಿಮ್ಮ ಪದ್ಧತಿಯಂತೆ ಮದುವೆ ಆಗಿದ್ರೆ ಸಾಕು,” ಅಂದ ಅಧಿಕಾರಿ. “ಇವಳು ಪೊರಕೆ ಹಾರಿದ್ದು ನೋಡಿದ್ದೀಯಾ ಅಜ್ಜಿ?”

“ನೋಡ್ದೆ ಇರ್ತೀನಾ ಸ್ವಾಮಿ!” ತೀರ್ಪು ಕೊಟ್ಟ ಹೆಮ್ಮೆ ಅಜ್ಜಿಯ ನಾಲಗೆಯ ಹಿಡಿತ ತಪ್ಪಿಸಿತು. “ಮುಂದಕ್ಕೂ ಹಾರಿದ್ಲು, ಹಿಂದಕ್ಕೂ ಹಾರಿದ್ಲು! ತಾಕಿಲ್ಲ ಅಂತ ನ್ಯಾಯ ಹೇಳ್ದೋಳೇ ನಾನು.”

ಟಾಲಿವರ್ ಗಹಗಹಿಸಿ ನಕ್ಕ. “ಕೇಳಿದ್ರಲ್ಲ ಸಾಹೇಬ್ರೇ? ಹಿಂದಕ್ ಹಾರಿದ್ರೆ ಮದುವೆ ಮುರೀತು ಅಂತ ಇವ್ರದ್ದೇ ಕಟ್ಟಳೆ. ನಡಿಯೇ ಮನೆಗೆ.”

ಊರನ್ನೆಲ್ಲ ಬಾಯಲ್ಲೇ ಹುರಿಯುತ್ತಿದ್ದ ಕ್ಲಾರಿಂಡಾ ಅಜ್ಜಿಯ ತೋಳು ಹಿಡಿದು ಹಿಂದಕ್ಕೆಳೆದಳು. ತಾಕಿತ್ತು ಎಂದು ಈಗ ಅವಳೇ ಹೇಳಿದರೆ ಯಾರು ನಂಬುತ್ತಾರೆ?

“ತಾಕ್ತು ಸ್ವಾಮಿ,” ಎಂದ ಎಬೆನ್. “ಎಡಗಾಲ ಹಿಮ್ಮಡಿ. ಕಡ್ಡಿ ಅಲ್ಲಾಡಿದ್ದು ನೋಡ್ದೆ. ಅಜ್ಜಿಗೆ ಕಣ್ಣು ಕಾಣಲ್ಲ.”

ಅಧಿಕಾರಿ ಅಜ್ಜಿಯ ಪೊರೆಗಣ್ಣು ನೋಡಿದ, ನಗು ತಡೆದುಕೊಂಡ. “ಹಾಗಾದ್ರೆ ಇವಳು ನಿನ್ನ ಹೆಂಡತಿ. ಸ್ವತಂತ್ರಳು.” ಟಾಲಿವರ್ ಚಾವಟಿ ಮಡಚಿಕೊಂಡು, ಬೈಯುತ್ತಾ ಹೊರಟುಹೋದ.

ಹೊರಗೆ ಬಂದದ್ದೇ ಕ್ಲಾರಿಂಡಾ ಎಬೆನನ ಅಂಗಿ ಹಿಡಿದಳು. “ಅವತ್ತೇ ನೋಡಿದ್ಯಾ? ಮತ್ಯಾಕೋ ಬಾಯಿ ಬಿಡ್ಲಿಲ್ಲ?”

“ನಿಂಗೆ ಬೇಡ ಅನ್ಸಿತ್ತು. ಇನ್ನೇನ್ ಹೇಳ್ಲಿ?”

ಅವಳಿಗೆ ಅಳು ಬಂತು. ಅದಕ್ಕೇ ಇನ್ನಷ್ಟು ರೇಗಿತು. ಡೇರೆಯ ಮುಂದಿದ್ದ ಪೊರಕೆಯನ್ನು ಎಳೆದು ನೆಲಕ್ಕೆ ಹಾಕಿ, ಬೆನ್ನು ಮಾಡಿ, ಲಂಗ ಎತ್ತಿ ಹಿಂದಕ್ಕೆ ಹಾರಿದಳು. ಈ ಸಲ ಗೇಣೆತ್ತರ.

“ಅಯ್ಯೋ ಹುಚ್ಚಿ, ಈಗಷ್ಟೇ...” ಅಜ್ಜಿ ಎದೆ ಹಿಡಿದುಕೊಂಡಳು.

“ಸುಮ್ನಿರಜ್ಜಿ. ಸ್ವತಂತ್ರ ಅಂದ್ಮೇಲೆ ಯಾವನೂ ಅದನ್ನ ವಾಪಸ್ ಕಿತ್ಕೊಳಕ್ಕಾಗಲ್ಲ.” ಎಬೆನನ ಕಡೆ ತಿರುಗಿದಳು. “ಅವತ್ತು ಹಾರು ಅಂದೋನು ಧಣಿ. ಇವತ್ತು ಹೆಂಡ್ತಿ ಅಂದಿದ್ದು ಉದ್ದಪ್ಪನ ಕಾನೂನು. ನನ್ನನ್ನ ಯಾರೂ ಕೇಳಿಲ್ಲ. ಕೇಳೋ.”

ಎಬೆನ್ ಟೋಪಿ ತೆಗೆದ. ಅವನನ್ನೂ ಯಾರೂ ಕೇಳಿರಲಿಲ್ಲ. “ನನ್ ಜೊತೆ ಹಾರ್ತೀಯಾ, ಕ್ಲಾರಿಂಡಾ?”

“ಯೋಚ್ನೆ ಮಾಡಿ ಹೇಳ್ತೀನಿ,” ಎಂದಳು ಕ್ಲಾರಿಂಡಾ.

ಪೊರಕೆಯನ್ನು ಮಾತ್ರ ಎತ್ತಲಿಲ್ಲ.